ಹೇಮವ್ವನ ಕುಬಸ

ರಾಮದುರ್ಗದ ನಮ್ಮ ಹಳೆಯ ಓಣಿಗೆ ಕಾಲಿಟ್ಟರೆ ಮೊದಲು ಮೂಗಿಗೆ ಬಡಿಯುವುದು ಗಂಜಿಯ ವಾಸನೆ. ಉಣ್ಣುವ ಗಂಜಿಯಲ್ಲ, ನೂಲಿಗೆ ಹಚ್ಚುವ ಗಂಜಿ. ಮಳೆಗಾಲದಲ್ಲಿ ನೂಲು ಬೇಗ ಒಣಗುವುದಿಲ್ಲ, ಗಂಜಿ ಹುಳಿಯಾಗುತ್ತದೆ, ಹೊರಗಿನವರು ಮೂಗು ಮುಚ್ಚಿಕೊಂಡು ಓಡುತ್ತಾರೆ. ಹೋದ ತಿಂಗಳು ಸವದತ್ತಿಯಿಂದ ಬಸ್ಸು ಹತ್ತಿ ಅಲ್ಲಿಗೆ ಹೋಗಿದ್ದೆ. ಓಣಿಯ ತಿರುವಿನಲ್ಲಿ ಆ ಹುಳಿ ವಾಸನೆ ಬಂದದ್ದೇ ತಡ, ನನಗೆ ಹೋಳಿಗೆ ತಿನ್ನಬೇಕು ಅನ್ನಿಸಿತು. ಬಾಯಿ ಬಿಟ್ಟು ಹೇಳಿಯೂ ಬಿಟ್ಟೆ.

"ಆಯೀ, ಈ ನಾತಕ್ಕ ನಿನಗ ಹೋಳಿಗಿ ನೆನಪ ಆಗತಾವ?" ಎಂದಳು ಜೊತೆಗೆ ಬಂದ ಮೊಮ್ಮಗಳು.

ಆಗುತ್ತವೆ. ಯಾಕೆ ಆಗುತ್ತವೆ ಎಂದು ಅವಳಿಗೆ ಬೀದಿಯಲ್ಲಿ ನಿಂತು ಹೇಳಲು ಆಗಲಿಲ್ಲ, ನನ್ನ ಮೊಣಕಾಲು ಅಷ್ಟು ಹೊತ್ತು ನಿಲ್ಲಲು ಬಿಡುವುದಿಲ್ಲ. ಅದಕ್ಕೇ ಈಗ ಕುಳಿತು ಬರೆಯುತ್ತಿದ್ದೇನೆ.

ಯಾವ ಇಸವಿ ಎಂದು ಕೇಳಬೇಡಿ. ತೊಂಬತ್ತು ದಾಟಿತ್ತು, ಅಷ್ಟು ಗೊತ್ತು. ದೊಡ್ಡವರಿಗೆ ಅಕ್ಷರ ಕಲಿಸುವ ಶಾಲೆಗೆ ನಾನು ಹೋಗುತ್ತಿದ್ದ ವರ್ಷ ಅದು. ಮಲಪ್ರಭೆ ತುಂಬಿ ಹರಿದಿದ್ದಳು. ನೂಲು ಒಣಗದೆ ಮಗ್ಗದವರೆಲ್ಲ ಆಕಾಶಕ್ಕೆ ಬೈಯುತ್ತಿದ್ದರು, ಹೊಲದವರು ಅದೇ ಆಕಾಶಕ್ಕೆ ಕೈ ಮುಗಿಯುತ್ತಿದ್ದರು. ನನ್ನ ಗಂಡ ಹೋಗಿ ಬಹಳ ವರ್ಷವಾಗಿತ್ತು. ನಾನು ಕಂಡಿಕೆ ಸುತ್ತಿ ಬದುಕುತ್ತಿದ್ದೆ. ಲಾಳಿಯೊಳಗೆ ಇಡುವ ಸಣ್ಣ ಕೊಳವೆಗೆ ನೂಲು ಸುತ್ತುವುದು, ಅದೇ ಕೆಲಸ. ರಾಟಿ ತಿರುಗಿಸಿ ತಿರುಗಿಸಿ ನನ್ನ ಬಲಗೈ ಎಡಗೈಗಿಂತ ದಪ್ಪವಾಗಿತ್ತು, ಈಗಲೂ ಹಾಗೇ ಇದೆ.

ಓಣಿಗೆಲ್ಲ ಒಂದೇ ಟೀವಿ, ಅದೂ ಕಪ್ಪು ಬಿಳುಪಿನದು. ಅದು ಬಸಲಿಂಗವ್ವನ ಮನೆಯಲ್ಲಿತ್ತು. ಬಸಲಿಂಗವ್ವನ ಗಂಡ ಚನ್ನಪ್ಪ ಕರೆಂಟಿನ ಮಗ್ಗಗಳ ಸಾವುಕಾರ; ಓಣಿಯ ಅರ್ಧ ಮಂದಿ ಅವರ ಮಗ್ಗದಲ್ಲೇ ನೇಯುತ್ತಿದ್ದರು. ಟೀವಿಗೆ ಎಳೆದು ಮುಚ್ಚುವ ಮರದ ಬಾಗಿಲಿತ್ತು, ಬಸಲಿಂಗವ್ವ ಅಮಾವಾಸ್ಯೆಗೆ ಅದಕ್ಕೆ ಕುಂಕುಮ ಹಚ್ಚುತ್ತಿದ್ದಳು. ಒಳ್ಳೆಯ ಹೆಂಗಸು. ಬಾಯಿ ದೊಡ್ಡದು, ಕೈಯೂ ದೊಡ್ಡದು, ಹಟ ಅವೆರಡಕ್ಕಿಂತ ದೊಡ್ಡದು.

ಪ್ರತಿ ಐತವಾರ ಮುಂಜಾನೆ ಒಂದು ಧಾರಾವಾಹಿ ಬರುತ್ತಿತ್ತು. ಹಿಂದಿನ ಕಾಲದ ಕಥೆ. ಒಂದು ಸಣ್ಣ ಸಂಸ್ಥಾನ, ಅದರ ರಾಣಿ ಹೇಮಾವತಿ. ನಾವು ಮೊದಲ ವಾರವೇ ಆಕೆಯನ್ನು ಹೇಮವ್ವ ಮಾಡಿಕೊಂಡೆವು. ಆಕೆಗೆ ಗರುಡ ಎಂಬ ಕುದುರೆ, ಒಬ್ಬ ಚೆಲುವ ಗಂಡ, ಬಗಲಲ್ಲಿ ಕತ್ತಿ. ಆ ಹೊತ್ತಿಗೆ ಓಣಿಯ ಮಗ್ಗಗಳೆಲ್ಲ ನಿಲ್ಲುತ್ತಿದ್ದವು. ಮಗ್ಗದ ಸದ್ದಿಲ್ಲದ ಓಣಿ ಹೇಗಿರುತ್ತದೆಂದರೆ, ಕಿವಿಯಲ್ಲಿ ನೀರು ಹೋದ ಹಾಗೆ ಇರುತ್ತದೆ. ಒಂದು ಸಲ ನಾನು ರಾಟಿ ತೆಗೆದುಕೊಂಡು ಹೋಗಿದ್ದಕ್ಕೆ ಬಸಲಿಂಗವ್ವ, "ಹೇಮವ್ವ ಮಾತಾಡೂದ ಕೇಳಸಂಗಿಲ್ಲ, ಅದನ್ನ ಹೊರಗ ಇಡ" ಎಂದಳು. ಹೀಗೆ ವಾರಕ್ಕೊಮ್ಮೆ ಕೈ ಖಾಲಿ ಬಿಟ್ಟು ಕುಳಿತುಕೊಳ್ಳುವುದನ್ನು ನಾನು ಟೀವಿಯಿಂದ ಕಲಿತೆ.

ಆ ಮನೆಯಲ್ಲಿ ಟೀವಿಯನ್ನು ಎಲ್ಲರಿಗಿಂತ ಹಿಂದೆ, ಅಡುಗೆಮನೆಯ ಬಾಗಿಲಿಗೆ ಒರಗಿ ನೋಡುತ್ತಿದ್ದವಳು ಸೊಸೆ ಸುನಂದಾ. ಮುನವಳ್ಳಿಯ ಹುಡುಗಿ. ಅವಳ ಅಪ್ಪ ಮಲ್ಲಪ್ಪ ಅಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ. ಬಸಲಿಂಗವ್ವನ ಮಗ ಈರಣ್ಣ ಆ ಅಂಗಡಿಗೆ ಸೀರೆ ಹಾಕಲು ಹೋಗುತ್ತಿದ್ದವನು, ಹೋಗಿ ಹೋಗಿ ಕೊನೆಗೆ ಮಗಳನ್ನೇ ಕರೆದುಕೊಂಡು ಬಂದ. ಗುಡಿಯಲ್ಲಿ ಮದುವೆಯಾಯಿತು. ಮಲ್ಲಪ್ಪ ಬರಲಿಲ್ಲ. ಬರಲಿಲ್ಲ ಅಷ್ಟೇ ಅಲ್ಲ, ಅಂದಿನಿಂದ ತನ್ನ ಅಂಗಡಿಯಲ್ಲಿ ರಾಮದುರ್ಗದ ಸೀರೆ ಇಡುವುದನ್ನೇ ಬಿಟ್ಟ. ಗಿರಾಕಿ ಕೇಳಿದರೆ, "ಆ ಊರ ಮಾಲ ನಾವ ಮುಟ್ಟಂಗಿಲ್ಲ" ಎನ್ನುತ್ತಿದ್ದನಂತೆ. ಮಗಳ ಮೇಲಿನ ಸಿಟ್ಟನ್ನು ಬೇರೆಯವರು ಹೇಗೆ ತೋರಿಸುತ್ತಾರೋ ಗೊತ್ತಿಲ್ಲ, ಬಟ್ಟೆ ಅಂಗಡಿಯವನು ಹೀಗೆ ತೋರಿಸಿದ.

ಈರಣ್ಣ ಸೀರೆ ಗಂಟು ಹೊತ್ತು ಊರೂರು ತಿರುಗುತ್ತಿದ್ದ, ಮನೆಯಲ್ಲಿ ಸಿಗುವುದೇ ಅಪರೂಪ. ಬಸಲಿಂಗವ್ವನಿಗೆ ಸೊಸೆಯ ಮೇಲೆ ಸಿಟ್ಟಿರಲಿಲ್ಲ. ಬೀಗರ ಮೇಲಿತ್ತು. "ಅವ್ರ ಬಂದ ಮಾತಾಡಸೂತನಕ ನಾ ಮಾತಾಡಸಂಗಿಲ್ಲ" ಎಂದು ಕುಳಿತಳು. ಆ ವರ್ಷ ಪಂಚಮಿ ಬಂತು. ಓಣಿಯ ಸೊಸೆಯರೆಲ್ಲ ತವರಿಗೆ ಹೋದರು, ಓಣಿಯ ಹೆಣ್ಣುಮಕ್ಕಳೆಲ್ಲ ಗಂಡನ ಮನೆಯಿಂದ ಬಂದು ಜೋಕಾಲಿ ಜೀಕಿದರು. ಸುನಂದಾ ಎರಡರಲ್ಲೂ ಇಲ್ಲ. ಮನೆಯಲ್ಲಿ ಕುಳಿತು ಬೇರೆಯವರ ಮಕ್ಕಳಿಗೆ ಉಂಡಿ ಕಟ್ಟಿಕೊಟ್ಟಳು. ಆಗ ಅವಳಿಗೆ ಬಸುರು, ಹೊಟ್ಟೆ ಇನ್ನೂ ಕಾಣುತ್ತಿರಲಿಲ್ಲ. ದಸರೆಯ ಹೊತ್ತಿಗೆ ಚೆನ್ನಾಗಿ ಕಂಡಿತು. ಏಳನೆಯ ತಿಂಗಳು ಹಿಡಿಯಿತು.

ನಮ್ಮ ಕಡೆ ಬಸುರಿಗೆ ಕುಬಸ ಮಾಡುತ್ತಾರೆ. ಹಸಿರು ಸೀರೆ, ಹಸಿರು ಬಳೆ, ಕುಬಸವೆಂಬ ಹಸಿರು ರವಿಕೆ ತವರಿನವರು ತರಬೇಕು. ಮಣೆಯ ಮೇಲೆ ಕೂರಿಸಿ ಉಡಿ ತುಂಬಿ ಆರತಿ ಮಾಡಿ ಹೋಳಿಗೆ ಉಣ್ಣಿಸಬೇಕು. ತವರಿನವರು ತರದಿದ್ದರೆ ಕುಬಸವಿಲ್ಲ. ಮಲ್ಲಪ್ಪ ತರುವವನಲ್ಲ, ಬಸಲಿಂಗವ್ವ ಕೇಳುವವಳಲ್ಲ. ಮೊದಲ ಬಸುರು ಹೀಗೇ ಬೋಳು ಬೋಳಾಗಿ ಹೋಗುತ್ತದೆ ಎಂದು ಓಣಿಯವರೆಲ್ಲ ಒಳಗೊಳಗೇ ಮಾತಾಡಿಕೊಂಡೆವು. ಬಾವಿಕಟ್ಟೆಯಲ್ಲಿ ಒಮ್ಮೆ ನಾನೇ ಸುನಂದಾಳನ್ನು ಕೇಳಿದೆ.

"ಏನ ತಿನ್ನಬೇಕ ಅನಸತೈತಿ ತಂಗಿ, ಹೇಳ. ಮಾಡಿ ಕೊಡತೇನಿ."

"ನಮ್ಮವ್ವ ಮಾಡೂ ಹೋಳಿಗಿ" ಎಂದಳು. ಆಮೇಲೆ ಕೊಡ ಎತ್ತಿಕೊಂಡು ಹೋದಳು. ನಾನು ಮಾಡುವ ಹೋಳಿಗೆಗೆ ಊರಲ್ಲಿ ಹೆಸರಿತ್ತು, ಆದರೂ ಬೇಜಾರು ಮಾಡಿಕೊಳ್ಳಲಿಲ್ಲ.

ವಿಚಿತ್ರವೆಂದರೆ, ಟೀವಿಯಲ್ಲಿ ಹೇಮವ್ವನೂ ಬಸುರಿಯಾಗಿದ್ದಳು. ಆಕೆಗೂ ಏಳು. ನಮಗೆ ಅದರಲ್ಲಿ ಅನುಮಾನವೇ ಇರಲಿಲ್ಲ, ಗೌರಿ ಹುಣ್ಣಿಮೆಗೆ ಎಷ್ಟು, ಸಂಕ್ರಾಂತಿಗೆ ಎಷ್ಟು ಎಂದು ಬೆರಳು ಮಡಚಿ ಲೆಕ್ಕ ಹಾಕಿಟ್ಟಿದ್ದೆವು. ಕೋಟೆಗೆ ವೈರಿ ಮುತ್ತಿಗೆ ಹಾಕಿದ್ದ. ಒಂದು ಐತವಾರ ರಾಜ ಆಕೆಗೆ, ನೀನು ತವರಿಗೆ ಹೋಗಿ ಜೀವ ಉಳಿಸಿಕೋ ಎಂದ. ಹೇಮವ್ವ ಸುರಿಯುವ ಮಳೆಯಲ್ಲಿ ಗರುಡನನ್ನು ಹತ್ತಿ ಹೊರಟಳು. ನಮ್ಮ ಓಣಿಯಲ್ಲೂ ಮಳೆ. ಚನ್ನಪ್ಪ ಮಾಳಿಗೆಯ ಮೇಲೆ ತಲೆಗೆ ಗೋಣಿಚೀಲ ಹೊದ್ದು ಆಂಟೆನಾ ಹಿಡಿದು ನಿಂತಿದ್ದ. ಚಿತ್ರ ಅಳ್ಳಾಡಿದರೆ ಬಸಲಿಂಗವ್ವ ಕೆಳಗಿನಿಂದ, "ಬಲಕ್ಕ ಹೊಳ್ಸರಿ! ಕುದರಿ ಕಾಣವಲ್ದು!" ಎಂದು ಕೂಗುತ್ತಿದ್ದಳು.

ಹೇಮವ್ವ ತವರಿನ ಕೋಟೆ ಮುಟ್ಟಿದಳು. ಬಾಗಿಲು ಮುಚ್ಚಿತ್ತು. ಮೇಲೆ ಗೋಡೆಯ ಮೇಲೆ ಅವಳ ಅಪ್ಪ ಬಂದು ನಿಂತ. ದಪ್ಪ ಮೀಸೆ, ದೊಡ್ಡ ರುಮಾಲು. ಮಗಳನ್ನು ನೋಡಿದ. ಒಳಗೆ ಬಿಟ್ಟುಕೊಂಡರೆ ವೈರಿ ತನ್ನ ಮೇಲೂ ಬರುತ್ತಾನೆಂದು ಅವನಿಗೆ ಹೆದರಿಕೆ. ಆಕೆ, "ಅಪ್ಪಾ" ಎಂದಳು. ಆತ ನೋಡಿದ, ನೋಡಿದ, ಆಮೇಲೆ ಬೆನ್ನು ತಿರುಗಿಸಿದ. ನಗಾರಿ ಬಡಿಯಿತು. ಗರುಡ ಒಮ್ಮೆ ಕೆನೆಯಿತು. ಚಿತ್ರ ಹಾಗೇ ನಿಂತುಬಿಟ್ಟಿತು, ಮೇಲೆ ಅಕ್ಷರ ಬಂದವು.

"ಕಾಶಕ್ಕಾ, ಏನ ಬರದಾರ? ಸಾಲಿಗೆ ಹೊಕ್ಕೀಯಲ್ಲ, ಓದ, ಓದ!"

ಒಬ್ಬಳು ಹೀಗೆ ಕೂಗಿದ್ದೇ ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಮುಂದೆ ಜರುಗಿ ಬೆರಳಿಟ್ಟು, "ಮೊ... ದ... ಲ..." ಎನ್ನುವಷ್ಟರಲ್ಲಿ ಅಕ್ಷರ ಹೋಗಿ ಜಾಹೀರಾತಿನವಳೊಬ್ಬಳು ಬಂದು ಸಾಬೂನು ಹಚ್ಚಿಕೊಳ್ಳತೊಡಗಿದಳು.

"ಮೊದಲನೇ ಭಾಗ ಮುಗೀತು ಅಂತ ಬರದಿತ್ರಿ" ಎಂದಳು ಹಿಂದಿನಿಂದ ಸುನಂದಾ.

"ಮುಗೀತು?" ಎಂದಳು ಹುಸೇನಬಿ. ನಮ್ಮ ಮಗ್ಗುಲ ಮನೆಯವಳು, ಬಳೆ ಮಾರುತ್ತಿದ್ದಳು, ಗಂಡ ಮೋದಿನ್‌ಸಾಬ ಸೀರೆ ಸಾಗಿಸುವ ಟೆಂಪೋ ಓಡಿಸುತ್ತಿದ್ದ. "ಬಾಗಲಾ ತಗೀಲಾರದ ಹ್ಯಾಂಗ ಮುಗೀತದ? ಬಸರಿ ಹೆಂಗಸನ್ನ ಮಳ್ಯಾಗ ನಿಂದರಿಸಿ ಇವ್ರು ಸಾಬಾಣ ಮಾರಾಕ ಹತ್ಯಾರ!"

"ಎರಡನೇದ ಯಾವಾಗಂತ?"

"ಅದನ್ನ ಹೇಳಲಿಲ್ರಿ" ಎಂದಳು ಸುನಂದಾ.

ಆಗ ಎದ್ದ ಗದ್ದಲವನ್ನು ನಾನು ಯಾವ ಜಗಳದಲ್ಲೂ ಕೇಳಿಲ್ಲ. ಒಬ್ಬಳು ಅತ್ತಳು. ಒಬ್ಬಳು ಕೈಯಲ್ಲಿದ್ದ ಸೇಂಗಾ ಸಿಪ್ಪೆಯನ್ನು ಟೀವಿಗೆ ಎಸೆದಳು. ಎಲ್ಲರಿಗಿಂತ ಜೋರು ಬಸಲಿಂಗವ್ವನದು. ಎದ್ದು ನಿಂತು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಸಾಬೂನು ಹಚ್ಚಿಕೊಳ್ಳುವವಳ ಮುಖಕ್ಕೇ ಬೈದಳು: "ಎಲೋ ಭಾಡ್ಯಾ! ಹಡದ ಮಗಳು ಬಾಗಲದಾಗ ನಿಂತಾಳ, ಬೆನ್ನ ತಿರುವತೀ? ನಿನ್ನ ಮೀಸ್ಯಾಗ ಹುಳಾ ಬೀಳ್ಲಿ! ನಿನ್ನ ಕೋಟಿಗೆ ಬೆಂಕಿ ಹತ್ಲಿ! ಮಾನ ಮರ್ಯಾದಿ ಅಂತ ಮಾನ ಮರ್ಯಾದಿ! ಬಸರಿ ಮಗಳಕಿಂತ ದೊಡ್ಡದೇನೋ ಅದು?"

ಎಂದವಳೇ ಟೀವಿಯ ಬಾಗಿಲನ್ನು ದಡಾರನೆ ಮುಚ್ಚಿದಳು. ಮುಚ್ಚಿ ಕುಳಿತು, ಮೂಗು ಒರೆಸಿಕೊಂಡು ಹೇಳಿದಳು:

"ಎರಡನೇ ಭಾಗ ಬರೂತನಕ ಆಕಿ ಹಡದಬಿಡತಾಳ."

ಲೆಕ್ಕ ಸರಿ ಇತ್ತು. ರಾಮದುರ್ಗದಲ್ಲಿ ತಿಂಗಳು ಸರಿದ ಹಾಗೆ ಹೇಮವ್ವನಿಗೂ ಸರಿಯಬೇಕಲ್ಲ.

"ಹಡದ ಮ್ಯಾಲೆ ಕುಬಸ ಮಾಡಾಕ ಬರತೈತೇನ? ಅಪ್ಪಂತೂ ಹಂಗ. ತವರಮನಿ ಇಲ್ಲ ಅಂದ್ರ ಏನಾತು? ನಮ್ಮ ಓಣೀನ ಆಕೀ ತವರು. ಬರೂ ಐತವಾರ ಇದ ಹೊತ್ತಿಗೆ, ಇದ ಮನ್ಯಾಗ, ನಾವ ಹೇಮವ್ವನ ಕುಬಸ ಮಾಡೂಣು. ಹಸರ ಸೀರಿ ನಾ ಕೊಡತೇನಿ."

ಹುಸೇನಬಿ ನನ್ನನ್ನು ನೋಡಿದಳು. ನಾನು ಅಡುಗೆಮನೆಯ ಬಾಗಿಲು ನೋಡಿದೆ. ಅಲ್ಲಿ ಸುನಂದಾ ಇರಲಿಲ್ಲ, ಒಳಗೆ ಒಲೆ ಊದುತ್ತಿದ್ದಳು. ಹಸಿ ಕಟ್ಟಿಗೆ, ಹೊಗೆ ಬಹಳ ಬರುತ್ತಿತ್ತು. ನಾನು ಆಗಲೇ ಬಾಯಿ ಬಿಟ್ಟಿದ್ದರೆ ಜಗಳವಾಗಿ ಕುಬಸವೂ ಹೋಗುತ್ತಿತ್ತು, ಹೋಳಿಗೆಯೂ ಹೋಗುತ್ತಿತ್ತು.

ಆ ವಾರ ಓಣಿಗೆ ಹಬ್ಬ ಬಂದ ಹಾಗಿತ್ತು. ಚನ್ನಪ್ಪನ ಮಗ್ಗದಲ್ಲಿ ಹಸಿರು ಸೀರೆ ಇಳಿಯಿತು, ಕೆಂಪು ಸೆರಗಿನದು. ಅದರ ಕಂಡಿಕೆ ನಾನೇ ಸುತ್ತಿದೆ. ಒಬ್ಬಳು ಉತ್ತತ್ತಿ, ಒಬ್ಬಳು ಕೊಬ್ಬರಿ, ಒಬ್ಬಳು ಬೆಲ್ಲ ತಂದಳು. ಹುಸೇನಬಿ ಹಸಿರು ಬಳೆ ಎತ್ತಿಟ್ಟಳು. "ಅಳತಿ ಹ್ಯಾಂಗ ತಗೋಳ್ಳಿ? ಆಕೀ ಕೈ ಗಾಜಿನ ಒಳಗ ಐತಿ" ಎಂದು ನಕ್ಕಳು. ಚನ್ನಪ್ಪ ಮಾತ್ರ, "ಟೀವಿಗೆ ಸೀರಿ ಉಡಸ್ರಿ, ಬಳಿ ಇಡಸ್ರಿ, ಆಮ್ಯಾಲ ಬಾಣಂತನಾನೂ ಮಾಡ್ರಿ. ಖಾರ ಅರದ ಇಡ್ಲೇನು?" ಎನ್ನುತ್ತ ಓಡಾಡುತ್ತಿದ್ದ. ಅವನಿಗೆ ಉತ್ತರ ಕೊಡಲು ಬಸಲಿಂಗವ್ವನಿಗೆ ಪುರುಸೊತ್ತಿರಲಿಲ್ಲ.

ಐತವಾರ ಬಂತು. ನನಗೆ ಗಂಡ ಇಲ್ಲದ್ದರಿಂದ ಆರತಿ ತಟ್ಟೆಗೆ ಕರೆಯಲಿಲ್ಲ, ಹೋಳಿಗೆಗೆ ಕರೆದರು. ಹೂರಣಕ್ಕೆ ಗಂಡ ಬೇಕಾಗಿಲ್ಲ. ನಾನು ಒಳಗೆ ಹೂರಣ ರುಬ್ಬುತ್ತಿದ್ದೆ, ಸುನಂದಾ ಕಣಕ ನಾದುತ್ತಿದ್ದಳು. ಬೇರೆಯವರ ಕುಬಸಕ್ಕೆ ಏಳು ತಿಂಗಳ ಬಸುರಿ ಕಣಕ ನಾದುವುದನ್ನು ನಾನು ಅಂದೇ ನೋಡಿದ್ದು. ಅವಳು ನಗುತ್ತಲೇ ಇದ್ದಳು. ಅದನ್ನು ನೋಡಿ ನನಗೆ ಸಿಟ್ಟು ಬಂತು.

ಹೊರಗೆ ಟೀವಿ ಹಚ್ಚಿದರು. ಹೇಮವ್ವನ ಹೊತ್ತಿಗೆ ಯಾರೋ ಕೋಟು ಹಾಕಿಕೊಂಡವನು ಬಂದು ಗೊಬ್ಬರದ ಬಗ್ಗೆ ಮಾತಾಡತೊಡಗಿದ. "ಇರ್ಲಿ, ಆಕಿ ಇವನ ಹಿಂದ ಎಲ್ಲ್ಯಾರ ಇರತಾಳ" ಎಂದಳು ಬಸಲಿಂಗವ್ವ. ಅರಿಷಿಣ ಹಚ್ಚಿದರು. ಸೀರೆ ಹೊದಿಸಿದರು, ಜಾರಿ ಬಿತ್ತು. ಮತ್ತೆ ಹೊದಿಸಿದರು. ಹಾಡು ಶುರುವಾಯಿತು. ಉಡಿ ತುಂಬುವವಳು ಬೊಗಸೆ ತುಂಬ ಅಕ್ಕಿ ಹಿಡಿದು ಎಲ್ಲಿ ಹಾಕಬೇಕೆಂದು ತಿಳಿಯದೆ ಟೀವಿಯ ನೆತ್ತಿಯ ಮೇಲೆ ಸುರಿದಳು. ಅಕ್ಕಿ ಉರುಳಿ ಹಿಂದಿನ ಸೀಳುಗಳೊಳಗೆ ಸರಸರ ಇಳಿಯಿತು. ಒಳಗೆ ಏನೋ ಚಟ್ ಅಂದಿತು.

"ಏ! ಟೀವಿ ಸುಡತೈತಿ!" ಎಂದು ಚನ್ನಪ್ಪ ಹಾರಿ ಬಂದ. ಆ ಹೊತ್ತಿಗೇ ಓಣಿಯ ಕರೆಂಟು ಹೋಯಿತು, ದಿನಾ ಹೋಗುವ ಹಾಗೆ. ಗೊಬ್ಬರದವನು ಮಾಯವಾದ. ಕರಿ ಗಾಜಿನಲ್ಲಿ ನಮ್ಮದೇ ಮುಖಗಳು, ನಮ್ಮದೇ ಆರತಿ.

ನಾನು ಹೂರಣದ ಕೈಯಲ್ಲೇ ಹೊರಗೆ ಬಂದೆ.

"ಉಡಿ ಇಲ್ಲದ್ದಕ್ಕ ಉಡಿ ತುಂಬತೀರೇನ? ಅದಕ್ಕ ಹೊಟ್ಟಿ ಎಲ್ಲೈತಿ, ಮಡಲ ಎಲ್ಲೈತಿ? ಹೇಮವ್ವನ ಹೆಸರ್ಲೆ ಒಬ್ಬ ಬಸರೀನ್ನ ಕುಂಡ್ರಸ್ರಿ. ಒಳಗ ಒಬ್ಬಾಕಿ ಕಣಕ ನಾದಾಕ ಹತ್ಯಾಳ."

ಬಸಲಿಂಗವ್ವನ ಮುಖ ಕೆಂಪಾಯಿತು. "ಆಕೀ ತವರಿನವ್ರ ಇನ್ನೂ ಇದ್ದಾರ ಕಾಶವ್ವಾ. ಹಸರ ಸೀರಿ ಅವ್ರ ತರಬೇಕು. ನಾವ ಮಾಡಿದ್ರ ಬೀಗರ ಮುಂದ ನಾವ ಬಾಗಿದಂಗ ಆಗತೈತಿ."

"ಹೇಮವ್ವಗೂ ಅಪ್ಪ ಇದ್ದಾನಲ್ರೀ, ಗ್ವಾಡಿ ಮ್ಯಾಲ" ಎಂದಳು ಹುಸೇನಬಿ, ಬಹಳ ಮೆತ್ತಗೆ.

"ಗ್ವಾಡಿ ಮ್ಯಾಲ ಅಂವ ಒಬ್ಬನ ನಿಂತಿಲ್ಲ" ಎಂದೆ ನಾನು. "ನೀನೂ ಹತ್ತಿ ನಿಂತಿ ಬಸಲಿಂಗಕ್ಕಾ. ಇಳಿ."

ಓಣಿಯಲ್ಲಿ ಆಕೆಗೆ ಹಾಗೆ ಯಾರೂ ಮಾತಾಡಿದ್ದಿಲ್ಲ. ನನ್ನ ಕಂಡಿಕೆಯ ಕೆಲಸ ಇವತ್ತಿಗೆ ಮುಗಿಯಿತು ಅಂದುಕೊಂಡೆ. ಆಕೆ ನನ್ನನ್ನು ನೋಡಿದಳು. ನೆಲದ ಮೇಲೆ ಬಿದ್ದಿದ್ದ ಹಸಿರು ಸೀರೆ ನೋಡಿದಳು. ಅದನ್ನು ಎತ್ತಿ ಝಾಡಿಸಿದಳು, ಅಕ್ಕಿಕಾಳು ಉದುರಿದವು. ಅಡುಗೆಮನೆಯ ಕಡೆ ತಿರುಗಿ, ಬೈಯುವ ಧ್ವನಿಯಲ್ಲೇ ಕೂಗಿದಳು:

"ಸುನಂದಾ! ಆ ಕಣಕ ಬಿಡ. ಬಸರಿ ಇದ್ದಾಕಿ ಎಷ್ಟೊತ್ತ ನಾದತಿ? ಕೈ ತೊಳಕೊಂಡ ಬಾ, ಇಲ್ಲಿ ಕುಂದರ."

"ಅತ್ತೀ, ಹೇಮವ್ವಂದು..."

"ಹೇಮವ್ವಂದ ಹೇಮವ್ವ ನೋಡ್ಕೋತಾಳ. ಬಾ ಅಂದ್ರ ಬಾ!"

ಸುನಂದಾ ಹಿಟ್ಟಿನ ಕೈಯಲ್ಲೇ ಬಂದು ನಿಂತಳು. ಆಮೇಲೆ ಏನಾಯಿತೆಂದು ಕ್ರಮವಾಗಿ ಹೇಳಲಾರೆ. ಎಲ್ಲರೂ ಒಮ್ಮೆಗೇ ಮಾತಾಡಿದರು, ಒಮ್ಮೆಗೇ ಹಾಡಿದರು. ಹುಸೇನಬಿ ಅಳತೆ ಕೇಳದೆ ತೊಡಿಸಿದ ಬಳೆ ಸರಿಯಾಗಿ ಕೂತವು. "ಇದೇನ ಹುಸೇನಬಿ, ಹೇಮವ್ವನ ಬಳಿ ಇಕೀಗೆ ಬರೋಬ್ಬರಿ ಬಂದಾವ?" ಎಂದು ಯಾರೋ ಕೇಳಿದರೆ, "ನಾ ಹ್ವಾದ ಐತವಾರನ ಇಕೀ ಅಳತಿ ತಗೊಂಡಿದ್ದೆ ತಗೋರಿ" ಎಂದಳು ಕಳ್ಳಿ. ಉಡಿಯ ಅಕ್ಕಿ ಈ ಸಲ ಉಡಿಯಲ್ಲೇ ಬಿತ್ತು. ಬಸಲಿಂಗವ್ವನೇ ಮೊದಲ ಆರತಿ ಎತ್ತಿದಳು. ಆರತಿ ಎತ್ತುತ್ತಲೂ, "ತಲಿ ಎತ್ತ, ಬಗ್ಗಬ್ಯಾಡ, ಕೂಸಿಗೆ ಒತ್ತತೈತಿ" ಎಂದು ಗದರುತ್ತಿದ್ದಳು. ಅಷ್ಟರಲ್ಲಿ ಕರೆಂಟು ಬಂತು. ಧಾರಾವಾಹಿ ಇಲ್ಲವೆಂದು ಗಂಡಸರು ಹಚ್ಚಿದ್ದ ಓಣಿಯ ಮಗ್ಗಗಳೆಲ್ಲ ಧಡಧಡ ಹೊಡೆದುಕೊಂಡವು, ಟೀವಿ ಸುಡದೆ ಉಳಿದು ಗೊಬ್ಬರದವನು ಮತ್ತೆ ಬಾಯಿ ತೆಗೆದ. ಸುನಂದಾ ಬೆಚ್ಚಿ ಹೊಟ್ಟೆ ಹಿಡಿದುಕೊಂಡಳು.

"ಏನಾತ?"

"ಒದೀತ್ರಿ" ಎಂದಳು. ನಕ್ಕಳು. ಈ ಸಲದ ನಗು ನನಗೆ ಸಿಟ್ಟು ತರಿಸಲಿಲ್ಲ.

ಹೋಳಿಗೆ ಚೆನ್ನಾಗಿ ಆಗಿದ್ದವು. ನಾನೇ ಮಾಡಿದ್ದೆಂದು ಹೇಳುತ್ತಿಲ್ಲ, ಆಗಿದ್ದವು. ಒಣಗದ ನೂಲಿನ ಹುಳಿ ಗಂಜಿಯ ನಾತದಲ್ಲೇ ಕುಳಿತು ಎಲ್ಲರೂ ತಿಂದೆವು.

ಇಷ್ಟಕ್ಕೆ ಮುಗಿಯುತ್ತಿತ್ತೇನೋ. ಆದರೆ ಮೋದಿನ್‌ಸಾಬನ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ. ಮರುದಿನ ಟೆಂಪೋ ಮುನವಳ್ಳಿಗೆ ಹೋಯಿತು, ಸುದ್ದಿಯೂ ಅದರಲ್ಲೇ ಹೋಯಿತು. ವಾರ ಕಳೆಯುವುದರೊಳಗೆ ಒಂದು ಮಧ್ಯಾಹ್ನ ಬಸಲಿಂಗವ್ವನ ಬಾಗಿಲಿಗೆ ಒಬ್ಬ ಗಂಡಸು ಬಂದು ನಿಂತ. ಬಿಳಿ ಧೋತರ, ಕರಿ ಟೊಪ್ಪಿಗೆ, ದಪ್ಪ ಮೀಸೆ. ಹಿಂದೆ ಚೀಲ ಹಿಡಿದ ಹೆಂಡತಿ. ನಾನು ಕಟ್ಟೆಯ ಮೇಲೆ ಕಂಡಿಕೆ ಸುತ್ತುತ್ತಿದ್ದೆ. ಮೀಸೆಯ ಮೇಲಿನ ಮೂಗು ನೋಡಿಯೇ ಯಾರೆಂದು ಗೊತ್ತಾಯಿತು, ಮಗಳಿಗೂ ಅದೇ ಮೂಗು.

"ಯಾರ್ನ ಕೇಳಿ ಮಾಡಿದ್ರಿ?" ಎಂದು ಒಳಗೆ ಬರದೆಯೇ ಗುಡುಗಿದ. "ಹಡದಪ್ಪ ನಾ ಇನ್ನೂ ಜೀವಂತ ಇದ್ದೇನಿ. ನನ್ನ ಮಗಳ ಕುಬಸ ಓಣಿಯವ್ರ ಮಾಡತಾರಂದ್ರ ಊರಾಗ ನಾ ಹ್ಯಾಂಗ ತಿರಗ್ಯಾಡ್ಲಿ?"

ಬಸಲಿಂಗವ್ವ ಹೊಸ್ತಿಲಿಗೆ ಬಂದಳು. "ಜೀವಂತ ಇದ್ದೀರಿ ಅನ್ನೂದು ನಮಗ ಇವತ್ತ ಗೊತ್ತಾತ್ರಿ" ಎಂದಳು.

ಈಗ ಇಬ್ಬರೂ ಎದುರುಬದುರು. ಮತ್ತೆ ಹಟ ಶುರುವಾದರೆ ಇನ್ನೊಂದು ಹೆರಿಗೆಯವರೆಗೆ ನಿಲ್ಲುವುದಿಲ್ಲವೆಂದು ನನಗೆ ಗೊತ್ತಿತ್ತು. "ಬಾಗಲಾ ತೆರದೈತ್ರಿ" ಎಂದೆ ಕುಳಿತಲ್ಲಿಂದಲೇ. "ಜಗಳ ಒಳಗ ಬಂದ ಮಾಡ್ರಿ. ಹೊರಗ ನೂಲ ಒಣಗಾಕ ಹಾಕೇವಿ, ತುಳದೀರಿ."

ಅವನ ಹೆಂಡತಿ ಗಂಡನನ್ನು ಹಿಂದಿನಿಂದ ಚೀಲದಿಂದಲೇ ನೂಕಿದಳು. ಒಳಗೆ ಬಂದ. ಒಳಗೆ ಬಂದವನು ಟೀವಿ ನೋಡಿದ. ಅದರ ಮೇಲೆ ಬಸಲಿಂಗವ್ವ ಒಂದು ಹಸಿರು ಕುಬಸದ ತುಂಡು ಹಾಕಿಟ್ಟಿದ್ದಳು, ಹೇಮವ್ವನಿಗೂ ಏನಾದರೂ ಇರಲಿ ಎಂದು.

"ಹೇಮಾವತೀದು ಹಸರ ಸೀರಿ ಅಲ್ಲ" ಎಂದುಬಿಟ್ಟ. "ಹಳದಿ. ಕರಿ ಅಂಚು."

ಬಸಲಿಂಗವ್ವ ಕೇಳಿದಳು: "ನೀವೂ ನೋಡತಿದ್ರೇನ್ರಿ?"

"ನಮ್ಮನಿ ಟೀವಿ ಬಣ್ಣದ್ದ ಐತ್ರಿ" ಎಂದ ಮಲ್ಲಪ್ಪ, ಮೀಸೆ ಮುಟ್ಟಿಕೊಂಡು.

"ಬರೇ ನೋಡಿದ್ರ ಆಗತಿತ್ತವಾ" ಎಂದು ಶುರುಮಾಡಿದಳು ಅವನ ಹೆಂಡತಿ. "ಆ ಐತವಾರ ಆದ ಮ್ಯಾಲ ಅಂಗಡಿಗೆ ಬಂದ ಹೆಂಗಸ್ರೆಲ್ಲಾ ಇವರ್ನ ಏನಂತ ಕೇಳ್ತಾರ ಗೊತ್ತೇನ? 'ಸಾವಕಾರ್ರ, ಕೋಟಿ ಬಾಗಲಾ ಇನ್ನೂ ಮುಚ್ಚೇತೇನ್ರಿ?' ಅಂತ. ಸೀರಿ ತಗೋಳೂದ ಕಡಿಮಿ, ಇದನ್ನ ಕೇಳೂದ ಹೆಚ್ಚು. ನಾನಂತೂ ಅವತ್ತಿನಿಂದ ಇವರ ಕೂಡ ಮಾತ ಬಿಟ್ಟೇನಿ. ರೊಟ್ಟಿ ಬಡದ ಇಡತೇನಿ, ಮಾತಿಲ್ಲ."

ಮೊದಲು ನಕ್ಕವಳು ಬಸಲಿಂಗವ್ವ. ಬಾಯಿಗೆ ಸೆರಗು ಅಡ್ಡ ಹಿಡಿದರೂ ನಗು ನಿಲ್ಲಲಿಲ್ಲ. ನಾನೂ ನಕ್ಕೆ. ಮಲ್ಲಪ್ಪ ನಗಲಿಲ್ಲ. ಅಡುಗೆಮನೆಯಿಂದ ಸುನಂದಾ ಬಂದು ಬಾಗಿಲಲ್ಲಿ ನಿಂತಿದ್ದಳು, ಓಣಿ ಉಡಿಸಿದ ಹಸಿರು ಸೀರೆಯಲ್ಲೇ. ಅಪ್ಪ ಮಗಳು ಒಬ್ಬರನ್ನೊಬ್ಬರು ನೋಡಿದರು. ಅಳು, ತಬ್ಬಿಕೊಳ್ಳುವುದು, ಅದೆಲ್ಲ ಟೀವಿಯಲ್ಲಿ. ಇವನು ಮಾಡಿದ್ದು ಬೇರೆ. ಹತ್ತಿರ ಹೋಗಿ ಅವಳ ಸೆರಗಿನ ತುದಿಯನ್ನು ಎರಡು ಬೆರಳ ನಡುವೆ ಹಿಡಿದು ತಿಕ್ಕಿ ನೋಡಿದ. ಬೆಳಕಿಗೆ ಹಿಡಿದ. ಅಂಗಡಿಯವರ ಕೈ, ಸುಮ್ಮನಿರುವುದಿಲ್ಲ.

"ನೂಲ ಚಲೋ ಐತಿ" ಎಂದ. "ಎಲ್ಲೀದಿದು?"

"ರಾಮದುರ್ಗದ್ದ, ಅಪ್ಪಾ."

ಸೆರಗು ಬಿಡಲಿಲ್ಲ ಅವನು. ಹಿಡಿದುಕೊಂಡೇ ಚನ್ನಪ್ಪನ ಕಡೆ ತಿರುಗಿ, "ಬೀಗರ, ಇಂಥಾವ ಒಂದ ಗಂಟ ಕಟ್ಟಿಸಿ ಕಳಸ್ರಿ. ದೀಪಾವಳಿಗೆ ಬೇಕಾಗತಾವು" ಎಂದ. ಚನ್ನಪ್ಪ, "ಮೊದಲ ಕುಂದರ್ರಿ, ಚಾ ಕುಡೀರಿ" ಎಂದ. ಅಷ್ಟೇ. ಎರಡು ಮನೆಗಳ ಸಿಟ್ಟು ಇಳಿದದ್ದು ಇಷ್ಟರಲ್ಲಿ.

ಅಂದು ಮತ್ತೊಂದು ಕುಬಸವಾಯಿತು. ಚೀಲದಲ್ಲಿ ತವರಿನ ಹಸಿರು ಸೀರೆ ಇತ್ತು, ಅವರವ್ವ ಮಾಡಿ ತಂದ ಹೋಳಿಗೆಯೂ ಇದ್ದವು. ಒಂದು ಹೊಟ್ಟೆಗೆ ಎರಡು ಕುಬಸ ಎಲ್ಲಿಯೂ ಇಲ್ಲ ಎಂದು ಯಾರೋ ಶಾಸ್ತ್ರ ತೆಗೆದರು. "ಒಂದ ಹೇಮವ್ವಂದು, ಒಂದ ಸುನಂದಾಂದು" ಎಂದು ಬಸಲಿಂಗವ್ವ ಅವರ ಬಾಯಿ ಮುಚ್ಚಿಸಿದಳು. ನಾನು ಆ ಹೋಳಿಗೆ ತಿಂದು ನೋಡಿದೆ. ನನ್ನದಕ್ಕಿಂತ ಬೆಲ್ಲ ಕಡಿಮೆ, ಏಲಕ್ಕಿ ಹೆಚ್ಚು. ಸುನಂದಾ ಮಾತ್ರ ಮೂರ್ನಾಲ್ಕು ತಿಂದಳು.

ಹುಟ್ಟಿದ್ದು ಗಂಡು. ರಾಣಿಯ ಹೆಸರಿಡಲು ಆಗಲಿಲ್ಲವಲ್ಲ, ಓಣಿಯವರು ಕುದುರೆಯ ಹೆಸರಿಟ್ಟರು. ಕಾಗದದಲ್ಲಿ ಬೇರೆ ಏನೋ ಇದೆ, ಓಣಿಯಲ್ಲಿ ಅವನು ಇಂದಿಗೂ ಗರುಡನೇ. ಎರಡನೆಯ ಭಾಗ ಬರಲೇ ಇಲ್ಲ. ಎಷ್ಟೋ ಐತವಾರ ಬಸಲಿಂಗವ್ವ ಆ ಹೊತ್ತಿಗೆ ಟೀವಿ ಹಚ್ಚುತ್ತಿದ್ದಳು, ಗೊಬ್ಬರದವನು ಬರುತ್ತಿದ್ದ, ಆರಿಸುತ್ತಿದ್ದಳು.

ಹೋದ ತಿಂಗಳು ನಾನು ಹೋದಾಗ ಬಸಲಿಂಗವ್ವ ಮಂಚದ ಮೇಲಿದ್ದಳು. ಕಣ್ಣು ಮಸುಕು, ನೆನಪೂ ಅಲ್ಲಲ್ಲಿ ಹರಿದಿದೆ. ಸುನಂದಾ ತಲೆಗೆ ಕೈ ಕೊಟ್ಟು ಎಬ್ಬಿಸಿ ಹಾಲು ಕುಡಿಸುತ್ತಿದ್ದಳು. ಗದರುವ ಸರದಿ ಈಗ ಸೊಸೆಯದು: "ತಲಿ ಎತ್ರಿ ಅತ್ತೀ, ಬಗ್ಗಬ್ಯಾಡ್ರಿ."

"ಯಾರ ಬಂದಾರ?"

"ನಾ, ಕಾಶವ್ವ. ಇನ್ನೂ ಸತ್ತಿಲ್ಲ."

"ನಾನೂ ಸತ್ತಿಲ್ಲ" ಎಂದಳು. ನನ್ನ ಕೈ ಹುಡುಕಿ ಹಿಡಿದಳು. ಬಲಗೈಯ ದಪ್ಪ ಮುಟ್ಟಿ ನಾನೇ ಎಂದು ನಂಬಿಕೆ ಬಂತೇನೋ. ಸ್ವಲ್ಪ ಹೊತ್ತು ಮಗ್ಗದ ಸದ್ದು ಕೇಳುತ್ತ ಮಲಗಿದ್ದು ಇದ್ದಕ್ಕಿದ್ದಂತೆ ಕೇಳಿದಳು:

"ಕಾಶವ್ವಾ, ಅಂವ ಬಾಗಲಾ ತಗದನೇನ?"

ಸುನಂದಾ ನನ್ನ ಮುಖ ನೋಡಿದಳು.

"ತಗದಾ" ಎಂದೆ. "ಮಗಳ್ನ ನೋಡಿದಾ, ಹೋಳಿಗಿ ತಿಂದಾ, ಒಂದ ಗಂಟ ಸೀರಿ ತಗೊಂಡ ಹೋದಾ."

"ಹಾಂ" ಎಂದಳು. ಕಣ್ಣು ಮುಚ್ಚಿದಳು. ಮಲಗಿದಳೆಂದು ನಾನು ಏಳುತ್ತಿದ್ದೆ, ಕೈ ಬಿಡಲಿಲ್ಲ.

"ಸೀರಿ ಹಸರದ್ದ ಅಲ್ಲಾ?"

"ಹಸರ" ಎಂದೆ.

ಹಳದಿ ಎಂದು ವಾದಿಸಲು ಮಲ್ಲಪ್ಪ ಈಗ ಇಲ್ಲ. ಇದ್ದಿದ್ದರೂ ನಾನು ಹಸಿರೆಂದೇ ಹೇಳುತ್ತಿದ್ದೆ.